ಓದುಗರ ಪ್ರಶ್ನೆ: ಕಸೂತಿ ದಾರ, ಬಿಳಿ ಗೋಡೆ, ಮಣ್ಣಿನ ಎತ್ತು

ಹೋದ ಸಂಚಿಕೆಯಲ್ಲಿ "ನಂಬಿಕೆ ಒಣಗಿದೆ ಅನಿಸಿದರೆ ಮೊದಲು ಕೈಗೆ ಕೆಲಸ ಕೊಡಿ, ಆಮೇಲೆ ಯೋಚಿಸಿ" ಅಂತ ಒಂದು ಸಾಲು ಬರೆದಿದ್ದೆ. ಸುಮ್ನೆ ಬರೆದ ಸಾಲು. ಅದಕ್ಕೇ ಜಾಸ್ತಿ ಪತ್ರ ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಚಿಕ್ಕಂದಿನಿಂದ ಚರ್ಚಿಗೆ ಹೋಗುತ್ತಿದ್ದೇನೆ. ಎರಡು ವರ್ಷದಿಂದ ಪ್ರಸಂಗ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿದೆ. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಗ್ಯಾಸ್ ಬುಕ್ ಮಾಡಿದೆನಾ ಅಂತ ನೆನಪಾಗುತ್ತದೆ. ಆದರೆ ಸಂಜೆ ಕಸೂತಿ ಹಿಡಿದು ಕೂತಾಗ ಮನಸ್ಸು ನಿಲ್ಲುತ್ತದೆ, ತಾನಾಗಿ ದೇವರ ಹತ್ತಿರ ಮಾತಾಡುತ್ತೇನೆ. ಪ್ರಾರ್ಥನೆ ಬಿಟ್ಟು ಹೊಲಿಗೆ ಹಿಡಿದಿದ್ದೇನಲ್ಲ, ಇದು ತಪ್ಪಾ?
(ಹೆಸರು ಬೇಡ, ಹುಬ್ಬಳ್ಳಿ)

ತಪ್ಪಲ್ಲ ತಂಗಿ. ಬೈಬಲಿನ ವಿಮೋಚನಕಾಂಡ 28ನೇ ಅಧ್ಯಾಯ ತೆಗೆಯಿರಿ. ಆರೋನನಿಗೆ ಯಾಜಕನ ಬಟ್ಟೆ ಹೊಲಿಯಬೇಕು, ಆ ಕೆಲಸದವರಿಗೆ ಜ್ಞಾನದ ಆತ್ಮವನ್ನು ತುಂಬಿದ್ದೇನೆ ಅಂತ ದೇವರೇ ಮೋಶೆಗೆ ಹೇಳುತ್ತಾನೆ. ಯಾರಿಗೆ ತುಂಬಿದ್ದು ನೋಡಿ, ಬಟ್ಟೆ ಹೊಲಿಯುವವರಿಗೆ! ಆ ನಿಲುವಂಗಿಯ ಅಂಚಿನಲ್ಲಿ ನೀಲಿ, ನೇರಳೆ, ಕೆಂಪು ದಾರದ ದಾಳಿಂಬೆ ಇರಬೇಕು, ನಡುನಡುವೆ ಬಂಗಾರದ ಗೆಜ್ಜೆ ಇರಬೇಕು ಅಂತ ಡಿಸೈನ್ ಕೂಡ ಅಲ್ಲೇ ಇದೆ. 31ನೇ ಅಧ್ಯಾಯದಲ್ಲಿ ದೇವರ ಗುಡಾರದ ಕೆಲಸಕ್ಕೆ ಬೆಚಲೇಲ ಬರುತ್ತಾನೆ. ಬಂಗಾರ, ಬೆಳ್ಳಿ, ತಾಮ್ರ, ಕಲ್ಲು, ಮರ, ಎಲ್ಲದರಲ್ಲೂ ಕೈ ಪಳಗಿದವನು, ಅವನಿಗೂ ದೇವರಾತ್ಮ ತುಂಬಿತ್ತು. 35ನೇ ಅಧ್ಯಾಯದಲ್ಲಿ ಹೆಂಗಸರು ಮೇಕೆಯ ಕೂದಲು ನೂಲುತ್ತಾರೆ. ನಾವು ಓದುವಾಗ ಇದನ್ನೆಲ್ಲ ಅಳತೆ ಲೆಕ್ಕ ಅಂತ ಹಾರಿಸಿಬಿಡುತ್ತೇವೆ. ನಾನೂ ಹಾರಿಸುತ್ತಿದ್ದೆ, ಡ್ರಾಯಿಂಗ್ ಮಾಸ್ತರನಾಗಿದ್ದುಕೊಂಡು!

ಕಸೂತಿಯಲ್ಲಿ ಮನಸ್ಸು ಯಾಕೆ ನಿಲ್ಲುತ್ತದೆ ಅನ್ನುವುದು ನಿಮಗೇ ಗೊತ್ತು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬಬೇಕು, ಗಂಟು ಕಾಣಬಾರದು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಬರಬೇಕು. ಒಂದು ಎಳೆ ತಪ್ಪಿದರೆ ಬಿಚ್ಚೋದೇ ಗತಿ. ಇಷ್ಟು ಗಮನ ಕೇಳುವ ಕೆಲಸದಲ್ಲಿ ಗ್ಯಾಸ್ ಸಿಲಿಂಡರಿಗೆ ಜಾಗ ಎಲ್ಲಿದೆ? ಪ್ರಾರ್ಥನೆಗೆ ಬೇಕಾಗಿದ್ದೂ ಆ ಗಮನವೇ. ಮೊಣಕಾಲೂರಿದಾಗ ಬರಲಿಲ್ಲ, ಸೂಜಿ ಹಿಡಿದಾಗ ಬಂತು, ಅಷ್ಟೇ.

ಒಂದು ಮಾತು ಮಾತ್ರ. ಅದನ್ನು ಮನೆಯ ಮೂಲೆಯಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮ ಚರ್ಚಿನಲ್ಲಿ ಕರ್ತನ ಭೋಜನದ ಮೇಜಿನ ಮೇಲೆ ಯಾವ ಬಟ್ಟೆ ಇದೆ? ನಾನು ನೋಡಿದ ಬಹಳ ಕಡೆ ಅಂಗಡಿಯಿಂದ ತಂದ ಸಿಂಥೆಟಿಕ್ ಲೇಸು, ಮೇಲೆ ಪ್ಲಾಸ್ಟಿಕ್ ಗುಲಾಬಿ. ಕಸೂತಿಯ ಊರು ನಮ್ಮದು! ದ್ರಾಕ್ಷಿ ಗೊಂಚಲು, ಗೋಧಿ ತೆನೆ ಹಾಕಿ ಒಂದು ಬಟ್ಟೆ ಶುರು ಮಾಡಿ. ತೆನೆಗೆ ಮೆಂತೆ ಹೊಲಿಗೆ ಚೆನ್ನಾಗಿ ಕೂರುತ್ತದೆ. ಆರು ತಿಂಗಳಾದರೂ ಆಗಲಿ.

ಪ್ರಶ್ನೆ: ಧಾರವಾಡದಲ್ಲಿ ಕಲಾ ಶಾಲೆಯ ವಿದ್ಯಾರ್ಥಿ ನಾನು. ನಮ್ಮ ಚರ್ಚಿನ ಗೋಡೆ ಪೂರ್ತಿ ಬಿಳಿ, ಒಂದು ಶಿಲುಬೆ ಬಿಟ್ಟರೆ ಏನೂ ಇಲ್ಲ. ಒಂದು ಚಿತ್ರ ಬರೆದುಕೊಡುತ್ತೇನೆ ಅಂದಿದ್ದಕ್ಕೆ ಹಿರಿಯರು "ಅದು ವಿಗ್ರಹಾರಾಧನೆ" ಅಂದರು. ಕ್ಯಾಥೊಲಿಕ್ ಗೆಳೆಯರ ಚರ್ಚಿನಲ್ಲಿ ಎಷ್ಟೊಂದು ಚಿತ್ರ ಇವೆ. ಅವರೇನು ಬೇರೆ ಬೈಬಲ್ ಓದುತ್ತಾರಾ?

ಹಿರಿಯರ ಮೇಲೆ ಸಿಟ್ಟಾಗಬೇಡಿ. ನಾನು ಎಂಟು ವರ್ಷದವನಿದ್ದಾಗ ಸಂಡೆ ಸ್ಕೂಲಿನಲ್ಲಿ ಸ್ಲೇಟಿನ ಮೇಲೆ ಯೇಸುವಿನ ಮುಖ ಬರೆದು ಬೆನ್ನಿಗೆ ಗುದ್ದು ತಿಂದವನು. ಕಾರಣ ಗೊತ್ತಾಗಲು ನಲವತ್ತು ವರ್ಷ ಬೇಕಾಯಿತು.

ಆ ಬಿಳಿ ಗೋಡೆಗೆ ಒಂದು ಚರಿತ್ರೆ ಇದೆ. ಪ್ರೊಟೆಸ್ಟೆಂಟ್ ಸುಧಾರಣೆಯ ಕಾವಿನಲ್ಲಿ, 1529ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಜನ ಚರ್ಚುಗಳಿಗೆ ನುಗ್ಗಿ ಚಿತ್ರ, ಮೂರ್ತಿ ಎಲ್ಲವನ್ನೂ ಒಡೆದು ಬೆಂಕಿಗೆ ಹಾಕಿದರು. ಅದಕ್ಕೂ ಮುಂಚೆ, 1524ರಲ್ಲಿ, ಜ್ಯೂರಿಕ್‌ನಲ್ಲಿ ನಗರಸಭೆಯೇ ಚಿತ್ರಗಳನ್ನು ತೆಗೆಸಿತ್ತು. ಅದೇ ಬಾಸೆಲ್‌ನಲ್ಲಿ 1815ರಲ್ಲಿ ಒಂದು ಮಿಷನ್ ಹುಟ್ಟಿತು, ಅದರ ಮಿಷನರಿಗಳು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ನಮ್ಮ ಗೋಡೆ ಬಿಳಿ ಆಗಿರುವುದಕ್ಕೆ ಅದೊಂದೇ ಕಾರಣ ಅನ್ನಲಾರೆ, ಬಂದವರಲ್ಲಿ ಲೂಥರನ ಕಡೆಯ ಜರ್ಮನ್ನರೂ ಬಹಳ ಜನ ಇದ್ದರು, ಲೂಥರ್ ಚಿತ್ರ ಒಡೆಯುವುದನ್ನು ಒಪ್ಪಿದವನಲ್ಲ. ಆದರೂ ನಂಟು ಇದ್ದೇ ಇದೆ.

ಇನ್ನು ಬೈಬಲ್. ವಿಗ್ರಹ ಮಾಡಬೇಡ, ಅಡ್ಡಬೀಳಬೇಡ ಅನ್ನುವ ಎರಡನೆಯ ಆಜ್ಞೆ ಇರುವುದು ವಿಮೋಚನಕಾಂಡ 20ರಲ್ಲಿ. ಐದೇ ಅಧ್ಯಾಯ ಮುಂದೆ, 25ರಲ್ಲಿ, ಆಜ್ಞೆಯ ಹಲಗೆ ಇಡುವ ಮಂಜೂಷದ (ಪೆಟ್ಟಿಗೆಯ) ಮುಚ್ಚಳವಾದ ಕೃಪಾಸನದ ಮೇಲೆ ರೆಕ್ಕೆ ಚಾಚಿದ ಎರಡು ಬಂಗಾರದ ಕೆರೂಬಿಗಳನ್ನು, ಅಂದರೆ ದೇವದೂತರ ಮೂರ್ತಿಗಳನ್ನು, ಮಾಡು ಅಂತ ಅದೇ ದೇವರು ಹೇಳುತ್ತಾನೆ. ಹಾಗಾದರೆ ಬೇಡ ಅಂದಿದ್ದು ಮಾಡುವುದನ್ನಲ್ಲ, ಮಾಡಿದ್ದಕ್ಕೆ ಅಡ್ಡಬೀಳುವುದನ್ನು. ಹಿರಿಯರಿಗೆ ಇವೆರಡೂ ಅಧ್ಯಾಯ ಒಟ್ಟಿಗೆ ಓದಿ ತೋರಿಸಿ. ವಾದ ಬೇಡ, ಓದಿ ಸುಮ್ಮನಿರಿ.

ಆದರೆ ನಿಮಗೂ ಒಂದು ಪ್ರಶ್ನೆ. ಗೋಡೆ ಸಿಕ್ಕಿತು ಅಂತಿಟ್ಟುಕೊಳ್ಳಿ, ಏನು ಬರೆಯುತ್ತೀರಿ? ಕ್ಯಾಲೆಂಡರಿನ ನೀಲಿ ಕಣ್ಣು, ಬಂಗಾರದ ಕೂದಲಿನ ಯೇಸುವನ್ನೇ ಬರೆಯುವುದಾದರೆ ಬಿಳಿ ಗೋಡೆಯೇ ಚೆಂದ. ಗೋವಾದ ಏಂಜೆಲೊ ಡ ಫೊನ್ಸೆಕಾ (1902–1967) ಅವರ ಚಿತ್ರಗಳನ್ನು ಹುಡುಕಿ ನೋಡಿ. ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಮ್ಮನಿಗೆ ಸೀರೆ ಉಡಿಸಿ ಬರೆದರು. ಊರಿನವರು ಬೈದರು, ಅವರು ಪುಣೆಗೆ ಹೋಗಿ ಅದೇ ಕೆಲಸ ಮುಂದುವರಿಸಿದರು. ಬೆಂಗಳೂರಿನ ಹತ್ತಿರ ಸಿಲ್ವೆಪುರದ ಜ್ಯೋತಿ ಸಾಹಿ ಅವರದ್ದೂ ನೋಡಿ. ಮಂಗಳೂರಿಗೆ ಹೋದಾಗ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಬರೆದದ್ದೂ ನೋಡಿ, ಕೈಚಳಕ ಅಂದರೆ ಅದು, ಆದರೆ ಅಲ್ಲಿನ ಮುಖಗಳು ಇಟಲಿಯವೇ. ಯೇಸು ಬಾವಿಯ ಹತ್ತಿರ ನೀರು ಕೇಳಿದ ಆ ಸಮಾರ್ಯದ ಹೆಂಗಸು ನಿಮ್ಮ ಚಿತ್ರದಲ್ಲಿ ಇಳಕಲ್ ಸೀರೆ ಉಟ್ಟು, ಸುಡು ಬೇಸಿಗೆಯಲ್ಲಿ ಬಾವಿಕಟ್ಟೆಗೆ ಕೊಡ ಹಿಡಿದು ಬರಲಿ. ಅಂಥದ್ದನ್ನು ಮೊದಲು ಬಟ್ಟೆಯ ಮೇಲೆ ಬರೆಯಿರಿ, ಗೋಡೆ ಮುಟ್ಟಬೇಡಿ. ಒಂದು ಭಾನುವಾರ ತೂಗುಹಾಕಿ, ತೆಗೆದುಬಿಡಿ. ಮುಂದಿನ ವಾರ "ಅದೆಲ್ಲಿ ಹೋಯಿತು" ಅಂತ ಯಾರಾದರೂ ಕೇಳಿದರೆ ನಿಮ್ಮ ಕೆಲಸ ಅರ್ಧ ಆದಂತೆ.

ಪ್ರಶ್ನೆ: ಗದಗಿನಲ್ಲಿ ನಮ್ಮ ಚರ್ಚಿನ ಗಾಯನ ತಂಡದಲ್ಲಿದ್ದೇನೆ, ಹಿಂದೂಸ್ತಾನಿ ಕಲಿಯುತ್ತಿದ್ದೇನೆ. ಕೀರ್ತನೆಗಳನ್ನು ರಾಗದಲ್ಲಿ ಹಾಡೋಣ ಅಂದರೆ "ಭಜನೆ ಥರ ಆಗುತ್ತೆ" ಅನ್ನುತ್ತಾರೆ.

ಆಗಲಿ ಬಿಡಿ! ಈಗ ಹಾಡುವ ಧಾಟಿಗಳಲ್ಲಿ ಬಹಳಷ್ಟು ಜರ್ಮನಿ, ಇಂಗ್ಲೆಂಡಿನವು. ನನಗೂ ಅವು ಇಷ್ಟ, ಅವ್ವ ಹಾಡುತ್ತಿದ್ದದ್ದು ಅವನ್ನೇ. ಆದರೆ ಆ ಧಾಟಿಗೆ ಕನ್ನಡ ಪದ ಕೂರಿಸಲು ಹೋಗಿ ಹ್ರಸ್ವ ಎಳೆದು ದೀರ್ಘ ಕತ್ತರಿಸಿ ಅರ್ಥವೇ ಕಿವಿಗೆ ಬೀಳದ ಹಾಗೆ ಹಾಡುತ್ತೇವೆ ಅಲ್ವಾ? ಧಾರವಾಡಕ್ಕೆ 1853ರಲ್ಲಿ ಬಂದ ಬಾಸೆಲ್ ಮಿಷನರಿ ಕಿಟೆಲ್‌ಗೆ ಇದು ಆಗಲೇ ಹೊಳೆದಿತ್ತು. 1894ರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡದ ಪದ್ಯದಲ್ಲಿ ಕಟ್ಟಿ 'ಕಥಾಮಾಲೆ' ಅಂತ ತಂದಿದ್ದರು. ಹೊರಗಿನಿಂದ ಬಂದವರಿಗೆ ಬೇಕೆನಿಸಿದ್ದು ಭೀಮಸೇನ ಜೋಶಿ ಹುಟ್ಟಿದ ಜಿಲ್ಲೆಯವರಿಗೆ ಬೇಡವಾ?

ಖಯಾಲಿನಿಂದ ಶುರು ಮಾಡಬೇಡಿ, ನೀವೊಬ್ಬರು ಹಾಡಿ ಉಳಿದವರು ಕೇಳುವ ಕಚೇರಿ ಆಗಿಬಿಡುತ್ತದೆ. 23ನೇ ಕೀರ್ತನೆಯನ್ನು ಭೂಪದಲ್ಲಿ ಕೂರಿಸಿ. ಐದೇ ಸ್ವರ, ಎರಡು ಸಲ ಹೇಳಿದರೆ ಮುದುಕರೂ ಹಿಡಿಯುತ್ತಾರೆ. ಸಂಜೆಯ ರಾಗ, ಸಂಜೆಯ ಆರಾಧನೆಗೇ ಇಟ್ಟುಕೊಳ್ಳಿ.

ಪ್ರಶ್ನೆ: ಮೊಬೈಲಿನಲ್ಲಿ ಎಐ ಹತ್ತಿರ ಯೇಸುವಿನ ಚಿತ್ರ ಮಾಡಿಸಿ ದಿನಾ ಸ್ಟೇಟಸ್ ಹಾಕುತ್ತೇನೆ. ಇದೂ ಕಲೆಯ ಸೇವೆ ತಾನೇ?

ಸ್ಟೇಟಸ್ ಹಾಕಿ, ಬೇಡ ಅನ್ನಲ್ಲ. ಜೊತೆಗೆ ವಾರಕ್ಕೊಂದು ಪೆನ್ಸಿಲ್‌ನಲ್ಲಿ ನೀವೇ ಬರೆಯಿರಿ. ಕೆಟ್ಟದಾಗಿ ಬಂದರೆ ನನಗೆ ಕಳಿಸಿ, ಚೆನ್ನಾಗಿ ಬಂದರೆ ನಿಮ್ಮ ಅವ್ವನಿಗೆ ತೋರಿಸಿ.

ಪ್ರಶ್ನೆ: ಹಾವೇರಿ ಹತ್ತಿರದ ಹಳ್ಳಿ ನಮ್ಮದು, ಸಂಡೆ ಸ್ಕೂಲ್ ನಡೆಸುತ್ತೇನೆ. ಈ ಸಲ ಕ್ರಿಸ್‌ಮಸ್‌ಗೆ ರೆಡಿಮೇಡ್ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳು) ತರಬೇಕು ಅಂತ ಹುಡುಗರು, ಆ ದುಡ್ಡು ಬಡವರಿಗೆ ಕೊಡಬೇಕು ಅಂತ ಸಭೆಯ ಕೆಲವರು. ಯಾರ ಮಾತು ಕೇಳಲಿ?

ಬಡವರಿಗೆ ಕೊಡಿ ಅನ್ನುವ ಮಾತು ಹಳೆಯದು. ಮಾರ್ಕ 14ರಲ್ಲಿ ಒಬ್ಬ ಹೆಂಗಸು ಯೇಸುವಿನ ತಲೆಯ ಮೇಲೆ ಮುನ್ನೂರು ದಿನಾರಿಗಿಂತ ಹೆಚ್ಚು ಬೆಲೆಯ ಸುಗಂಧತೈಲ ಸುರಿದಾಗಲೂ ಹೀಗೇ ಗೊಣಗಿದರು. ದಿನಾರಿ ಅಂದರೆ ಆಳಿನ ಒಂದು ದಿನದ ಕೂಲಿ, ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ ಅದು. ಆಕೆ ಮಾಡಿದ್ದು ಒಳ್ಳೆಯ ಕೆಲಸ ಅಂದನು ಯೇಸು. ಗ್ರೀಕಿನಲ್ಲಿ ಅಲ್ಲಿರುವ ಪದಕ್ಕೆ ಚೆಂದ ಅನ್ನುವ ಅರ್ಥವೂ ಇದೆ. ಹಾಗಂತ ಅದನ್ನು ಪ್ಲಾಸ್ಟಿಕ್ ಗೋದಲಿಯ ಬಿಲ್ಲಿಗೆ ಲಗತ್ತಿಸಬೇಡಿ! ಆಕೆ ತನ್ನದನ್ನು ಸುರಿದಳು. ದುಡ್ಡು ಬಡವರಿಗೇ ಹೋಗಲಿ.

ಗೋದಲಿ ನೀವೇ ಮಾಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ನಿಮ್ಮ ಓಣಿಯಲ್ಲಿ ಎಷ್ಟು ಮನೆಯಲ್ಲಿ ಎತ್ತು ಮಾಡುತ್ತಾರೆ? ಆ ಕೈಗಳಿಗೆ ಗೋದಲಿಯ ಎತ್ತು ಎಷ್ಟರ ಕೆಲಸ? ಅಂದಹಾಗೆ ಲೂಕನ ಸುವಾರ್ತೆಯಲ್ಲಿ ಗೋದಲಿ, ಅಂದರೆ ದನ ಮೇವು ತಿನ್ನುವ ತೊಟ್ಟಿ, ಇದೆ, ಎತ್ತೂ ಇಲ್ಲ ಕತ್ತೆಯೂ ಇಲ್ಲ. ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು ಅನ್ನುವ ಯೆಶಾಯನ ಮೊದಲ ಅಧ್ಯಾಯದ ಮಾತು ನೆನೆದು ಆಮೇಲಿನವರು ಸೇರಿಸಿಕೊಂಡರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆಯನ್ನೇ ಕಟ್ಟಿಸಿದ್ದ.

ಕೊಟ್ಟಿಗೆಗೆ ಜೋಳದ ದಂಟು ಸಾಕು, ಹೊಸ್ತಿಲಿಗೆ ಎರಡು ಬ್ಯಾಡಗಿ ಮೆಣಸಿನಕಾಯಿ ಕಟ್ಟಿದರೂ ನಡೆಯುತ್ತದೆ. ಮಣ್ಣು ಬಿಸಿಲಿಗಿಡಬೇಡಿ, ಬಿರಿಯುತ್ತದೆ, ನೆರಳಲ್ಲಿ ನಾಲ್ಕು ದಿನ ಒಣಗಲಿ. ಕೋಡು ಮೊದಲೇ ಅಂಟಿಸಿ, ಒಣಗಿದ ಮೇಲೆ ನಿಲ್ಲಲ್ಲ.