ರೇಟು ಏರುವ ತನಕ ಟೊಮೆಟೊವನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬಹುದಾ?

ಮಂಡಿಯಲ್ಲಿ ಬಾಕ್ಸ್‌ಗೆ 100 ರೂಪಾಯಿ ಸಿಗುವುದೂ ಕಷ್ಟವಾಗಿದೆ, ಎರಡು ತಿಂಗಳು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಆಮೇಲೆ ಮಾರಬಹುದಾ, ಎಷ್ಟು ಡಿಗ್ರಿ ಇರಬೇಕು ಅಂತ ಕೇಳಿದ್ದೀರಿ. ಇಡಬೇಡಿ. ನಾನು ಇಟ್ಟು ಕಳೆದುಕೊಂಡಿದ್ದೇನೆ.

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ವಾ, ಅದನ್ನು ನೋಡಿ ನಮ್ಮ ಕಡೆ ಎಲ್ಲರೂ ನಾಟಿ ಮಾಡಿದರು, ನಾವೂ ಮಾಡಿದೆವು. ನಮ್ಮದು ಕೊಯ್ಲಿಗೆ ಬರುವ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ನಮ್ಮ ಕಡೆ ಕೋಲ್ಡ್ ಸ್ಟೋರೇಜ್ ಅಂದರೆ ಹುಣಸೆಹಣ್ಣು, ಒಣಮೆಣಸಿನಕಾಯಿ. ಪರಿಚಯದವರೊಬ್ಬರ ಮೂಲಕ ಅಂಥದ್ದೇ ಒಂದು ರೂಮಿನಲ್ಲಿ ಜಾಗ ಸಿಕ್ಕಿತು. ಬಾಗಿಲ ಹತ್ತಿರದ ಮೀಟರ್ 4 ಡಿಗ್ರಿ ತೋರಿಸುತ್ತಿತ್ತು. ತಂಪು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡೆ. ಹಸಿರುಕಾಯಿಯಾದರೆ ಇನ್ನೂ ಜಾಸ್ತಿ ದಿನ ಬರುತ್ತದೆ ಅಂತ, ಬಣ್ಣ ತಿರುಗದ ಕಾಯಿಯನ್ನೇ ಆರಿಸಿ ಕೀಳಿಸಿ ತುಂಬಿಸಿದೆ.

ಹೋಗಿ ನೋಡಿದಾಗಲೆಲ್ಲ ಕಾಯಿ ಗಟ್ಟಿಯಾಗಿ, ಹೊಳಪಾಗಿ ಇತ್ತು. ರೇಟು ಸ್ವಲ್ಪ ಚೇತರಿಸಿಕೊಂಡ ಮೇಲೆ ಹೊರಗೆ ತೆಗೆಸಿ ಶೆಡ್ಡಿನಲ್ಲಿ ಹರವಿದೆವು, ಆಗ ಶುರುವಾಯಿತು. ಕೆಂಪಾಗಬೇಕಿದ್ದ ಕಾಯಿ ಒಂದು ಕಡೆ ಹಳದಿ, ಇನ್ನೊಂದು ಕಡೆ ಹಸಿರು. ಸಿಪ್ಪೆಯ ಮೇಲೆ ಸಣ್ಣ ಸಣ್ಣ ಗುಳಿ. ಆ ಗುಳಿಗಳಲ್ಲಿ, ತೊಟ್ಟಿನ ಸುತ್ತ, ಕಪ್ಪು ಬೂಷ್ಟು. ಹರಾಜಿನವರು ಒಂದು ಬಾಕ್ಸ್ ತೆಗೆದು ನೋಡಿ ಮುಂದೆ ಹೋದರು, ರೇಟೇ ಕೂಗಲಿಲ್ಲ. ರೂಮಿನ ಬಾಡಿಗೆ, ಕೂಲಿ, ಗಾಡಿ ಖರ್ಚು ಎಲ್ಲ ಕೈಯಿಂದ ಹೋಯಿತು.

ಯಾಕೆ ಹೀಗಾಯಿತು ಅನ್ನೋದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಗಿಡದಿಂದ ಕಿತ್ತ ಕಾಯಿಗೆ ಇನ್ನೂ ಜೀವ ಇರುತ್ತದೆ. ಅದರ ಒಂದೊಂದು ಜೀವಕೋಶವೂ ಉಸಿರಾಡುತ್ತಿರುತ್ತದೆ. ಆಮ್ಲಜನಕ ತೆಗೆದುಕೊಂಡು, ಒಳಗಿನ ಸಕ್ಕರೆ ಕರಗಿಸಿ, ಇಂಗಾಲದ ಡೈಆಕ್ಸೈಡ್, ನೀರು, ಬಿಸಿ ಹೊರಗೆ ಬಿಡುತ್ತದೆ. ಗಿಡದಲ್ಲಿದ್ದಾಗ ಎಲೆಯಿಂದ ಸಕ್ಕರೆ, ಬೇರಿನಿಂದ ನೀರು ಬರುತ್ತಿತ್ತು. ಕಿತ್ತ ಮೇಲೆ ಎರಡೂ ನಿಂತು, ಒಳಗೆ ಇದ್ದದ್ದನ್ನೇ ಖರ್ಚು ಮಾಡಬೇಕು. ಸಾಮಾನ್ಯವಾಗಿ 10 ಡಿಗ್ರಿ ಏರಿದರೆ ಈ ಉಸಿರಾಟ ಎರಡು ಮೂರು ಪಟ್ಟು ಜಾಸ್ತಿಯಾಗುತ್ತದೆ, ಅದಕ್ಕೇ ತಂಪು ಮಾಡಿದರೆ ಕಾಯಿ ಬಾಳಿಕೆ ಬರುವುದು. ಇಷ್ಟು ನನಗೂ ಗೊತ್ತಿತ್ತು. ತಂಪಿಗೂ ಒಂದು ಮಿತಿ ಇದೆ, ಅದು ಒಂದೊಂದು ಬೆಳೆಗೆ ಒಂದೊಂದು ಥರ ಅನ್ನೋದು ಗೊತ್ತಿರಲಿಲ್ಲ.

ಜೀವಕೋಶದ ಸುತ್ತ ತೆಳ್ಳನೆಯ ಪೊರೆ ಇರುತ್ತದೆ. ಒಳಗೆ ಉಸಿರಾಟ ನಡೆಸುವ ಮೈಟೊಕಾಂಡ್ರಿಯಾಕ್ಕೂ ಅಂಥದ್ದೇ ಪೊರೆ. ಇದರಲ್ಲಿ ಕೊಬ್ಬಿನ ಅಂಶ ಇದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ವಾ, ಟೊಮೆಟೊದ ಪೊರೆಯೂ ತೀರಾ ತಂಪಾದರೆ ಹಾಗೇ ಬಿಗಿದುಕೊಳ್ಳುತ್ತದೆ. ಬಿಗಿದ ಪೊರೆ ಸೋರುತ್ತದೆ. ಉಸಿರಾಟದ ಹದ ತಪ್ಪುತ್ತದೆ. ತಂಪಿನಲ್ಲಿ ಎಲ್ಲವೂ ನಿಧಾನ, ಹಾಗಾಗಿ ಹೊರಗಿನಿಂದ ಏನೂ ಕಾಣುವುದಿಲ್ಲ. ಹೊರಗೆ ತಂದು ಬಿಸಿ ತಾಗಿದ ಮೇಲೆ ಕೋಶಗಳು ಹಣ್ಣಾಗುವ ಕೆಲಸ ಶುರು ಮಾಡಬೇಕು, ಆಗ ಅವಕ್ಕೆ ಆಗುವುದಿಲ್ಲ. ಕೆಟ್ಟ ಜಾಗದಲ್ಲಿ ಬೂಷ್ಟು ಸುಲಭವಾಗಿ ಹಿಡಿಯುತ್ತದೆ. ನಾನು ರೂಮಿಗೆ ಹೋಗಿ ಹೊಳಪು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದಾಗಲೇ ಒಳಗೆ ಹಾನಿ ಮುಗಿದಿತ್ತು.

ಟೊಮೆಟೊ ಮೂಲತಃ ದಕ್ಷಿಣ ಅಮೆರಿಕದ ಗಿಡ, ಚಳಿ ತಡೆಯುವುದಿಲ್ಲ. ಕ್ಯಾರೆಟ್, ಎಲೆಕೋಸು 0 ಡಿಗ್ರಿ ಹತ್ತಿರವೂ ಆರಾಮವಾಗಿರುತ್ತವೆ. ಬಾಳೆಯ ಸಿಪ್ಪೆ 13ಕ್ಕಿಂತ ಕೆಳಗೆ ಹೋದರೆ ಕಪ್ಪಾಗುತ್ತದೆ. ಟೊಮೆಟೊ ಹಸಿರುಕಾಯಿಗೆ 12–13 ಡಿಗ್ರಿ ಬೇಕು. ಪೂರ್ತಿ ಕೆಂಪಾದ ಹಣ್ಣು 7ರಿಂದ 10 ಡಿಗ್ರಿಯನ್ನು ಕೆಲವು ದಿನ ತಡೆಯುತ್ತದೆ. ಅಂದರೆ ಬಾಳಿಕೆ ಬರಲಿ ಅಂತ ನಾನು ಆರಿಸಿದ ಹಸಿರುಕಾಯಿಯೇ ಚಳಿಗೆ ಬೇಗ ಕೆಡುವಂಥದ್ದು. ಮನೆಯ ಫ್ರಿಜ್ಜಿಗೂ ಇದು ಅನ್ವಯಿಸುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ ಪ್ರಕಾರ, ಹಣ್ಣನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಘಮ ಕೊಡುವ ವಸ್ತುಗಳು ಕಡಿಮೆಯಾಗುತ್ತವೆ, ಹೊರಗೆ ತೆಗೆದ ಮೇಲೂ ಪೂರ್ತಿ ಮರಳುವುದಿಲ್ಲ.

ಹಾಗಾದರೆ 13 ಡಿಗ್ರಿಯಲ್ಲಿ ಇಡುತ್ತೇನೆ ಅನ್ನುತ್ತೀರಾ? ಹಸಿರುಕಾಯಿಯಾದರೆ ಎರಡು ಮೂರು ವಾರ ಬರಬಹುದು. ಎರಡು ತಿಂಗಳು ಬರುವುದಿಲ್ಲ. 13 ಡಿಗ್ರಿಯಲ್ಲಿ ಅದು ನಿಧಾನವಾಗಿ ಹಣ್ಣಾಗುತ್ತಲೇ ಇರುತ್ತದೆ, ಹಣ್ಣಾಗುವಾಗ ಎಥಿಲೀನ್ ಅನಿಲ ಬಿಡುತ್ತದೆ, ಅದು ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ಹಾಗಾಗಿ ಎಷ್ಟು ಡಿಗ್ರಿ ಅನ್ನುವ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೂ ನಿಮ್ಮ ಯೋಜನೆ ನಡೆಯುವುದಿಲ್ಲ. ಕಾದು ಮಾರಬೇಕಾದರೆ ಹುಣಸೆ ಇದೆ, ಆಲೂಗಡ್ಡೆ ಇದೆ. ಆಲೂಗಡ್ಡೆಯಲ್ಲೂ ಹುಷಾರು, ತೀರಾ ತಂಪಾದರೆ ಪಿಷ್ಟ ಸಕ್ಕರೆಯಾಗಿ ಚಿಪ್ಸ್ ಕರಿದಾಗ ಕಪ್ಪಾಗುತ್ತದೆ. ಟೊಮೆಟೊ ಬೆಳೆದು ರೇಟಿಗೆ ಕಾಯುವುದು ನನ್ನ ಪ್ರಕಾರ ತಪ್ಪು ಲೆಕ್ಕ. ಬಾಡಿಗೆಗೆ ಕೊಡುವ ದುಡ್ಡನ್ನು ಮುಂದಿನ ನಾಟಿಗೆ ಹಾಕಿ, ಅದನ್ನೂ ಒಂದೇ ಸಲ ಮಾಡದೆ ವಾರ ವಾರ ಬಿಟ್ಟು ಮಾಡಿ.

ಉಳಿಸಿಕೊಳ್ಳುವುದಾದರೆ ಒಂದೆರಡು ದಿನಗಳ ಬಾಳಿಕೆ ಉಳಿಸಿಕೊಳ್ಳಿ, ಅದು ಸಾಧ್ಯ. ಬೆಳಿಗ್ಗೆ ಬೇಗ ಕೀಳಿ. ಬಾಕ್ಸ್‌ಗಳನ್ನು ಗಾಡಿ ಬರುವ ತನಕ ಬಿಸಿಲಲ್ಲಿ ಬಿಡಬೇಡಿ, ಹೊಂಗೆ ಮರದ ನೆರಳಾದರೂ ಸಾಕು. ದೂರದ ಲಾರಿಗೆ ಹೋಗುವುದಾದರೆ ಬಣ್ಣ ಈಗಷ್ಟೇ ತಿರುಗಿದ್ದನ್ನು ಕೀಳಿ. ಸ್ವಲ್ಪ ಹಣ್ಣು ಇದ್ದರೆ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಇಟ್ಟಿಗೆ ತೊಟ್ಟಿ ಮಾಡಿಕೊಳ್ಳಿ: ಎರಡು ಸಾಲು ಇಟ್ಟಿಗೆ, ನಡುವೆ ಮರಳು, ಮರಳಿಗೆ ನೀರು ಹಾಕುತ್ತಿದ್ದರೆ ಒಳಗೆ ತಂಪಾಗಿರುತ್ತದೆ. ಕರೆಂಟ್ ಬೇಡ. ನಮ್ಮ ಒಣ ಹವೆಗೆ ಚೆನ್ನಾಗಿ ಹೊಂದುತ್ತದೆ.

ನಿಮ್ಮ ಹಣ್ಣು ಆಗಲೇ ಕೆಂಪಾಗಿದೆ ಅಂತ ಬರೆದಿದ್ದೀರಿ. ಹಾಗಿದ್ದರೆ ನಾಳೆ ಬೆಳಿಗ್ಗೆಯೇ ಮಂಡಿಗೆ ಹಾಕಿ, ಸಿಕ್ಕ ರೇಟಿಗೆ ಕೊಟ್ಟುಬಿಡಿ.