ಬೆಳಿಗ್ಗೆ ಹೊಡೆಯುವ ಸೆಲ್ಫ್ ಮಾರುಕಟ್ಟೆಯಲ್ಲಿ ಏಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ನನ್ನದು 150 ಸಿಸಿಯ, ಕಿಕ್ಕರ್ ಇಲ್ಲದ ಬೈಕು. ಕೊಂಡು ನಾಲ್ಕು ವರ್ಷವಾಯಿತು. ಎಷ್ಟೇ ಚಳಿಯಿದ್ದರೂ ಬೆಳಿಗ್ಗೆ ಮನೆಯ ಮುಂದೆ ಒಂದೇ ಸಲಕ್ಕೆ ಸೆಲ್ಫ್ ಹೊಡೆಯುತ್ತದೆ. ಆದರೆ ಗೂಡಿನ ಮಾರುಕಟ್ಟೆಗೆ ಹೋಗಿ, ಹರಾಜು ಮುಗಿಸಿ ಹೊರಗೆ ಬಂದು ಬಟನ್ ಒತ್ತಿದರೆ ವಾರಕ್ಕೆ ಒಂದೆರಡು ಸಲ ಟಕಟಕ ಎಂಬ ಸದ್ದು ಬಂದು ಮೀಟರಿನ ದೀಪಗಳೆಲ್ಲ ಆರಿಹೋಗುತ್ತವೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಆರು ತಿಂಗಳ ಹಿಂದೆಯಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಈಗ ಮೆಕ್ಯಾನಿಕ್ ಸೆಲ್ಫ್ ಮೋಟಾರನ್ನೇ ಬದಲಿಸಬೇಕೆನ್ನುತ್ತಾರೆ. ಬದಲಿಸಲೇ?
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಈಗಲೇ ಬದಲಿಸಬೇಡಿ. ನಿಮ್ಮ ಪತ್ರದಲ್ಲಿರುವ ಎರಡು ವಿವರಗಳು ಬೇರೆಯ ಕಡೆಗೆ ಕೈತೋರಿಸುತ್ತಿವೆ. ಶಕ್ತಿ ಕುಂದಿದ ಬ್ಯಾಟರಿ ಮೊದಲು ಸೋಲುವುದು ಚಳಿಯ ಮುಂಜಾನೆಯಲ್ಲಿ, ಏಕೆಂದರೆ ಆಗ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿರುತ್ತದೆ ಮತ್ತು ಎಂಜಿನ್ ಆಯಿಲ್ ಗಟ್ಟಿಯಾಗಿರುವುದರಿಂದ ಮೋಟಾರಿಗೆ ಹೆಚ್ಚು ಬಲ ಬೇಕಾಗುತ್ತದೆ. ನಿಮ್ಮ ಗಾಡಿ ಸೋಲುತ್ತಿರುವುದು ಬಿಸಿಯಾಗಿ, ಕುಲುಕಾಡಿ ಬಂದ ಮೇಲೆ. ಎರಡನೆಯದಾಗಿ, ಬಟನ್ ಒತ್ತಿದಾಗ ಮೀಟರಿನ ದೀಪವೇ ಆರುತ್ತದೆಯೆಂದರೆ ವಿದ್ಯುತ್ತು ಕಡಿಮೆಯಾಗಿರುವುದು ಮೋಟಾರಿಗೆ ಮಾತ್ರವಲ್ಲ, ಇಡೀ ಗಾಡಿಗೆ. ಒಳಗೆ ವಿದ್ಯುತ್ತು ದಾಟಿಸುವ ಕಾರ್ಬನ್ ಬ್ರಷ್ ಸವೆದ ಮೋಟಾರಾಗಿದ್ದರೆ ಸಾಮಾನ್ಯವಾಗಿ ರಿಲೇ (ಮೋಟಾರಿಗೆ ವಿದ್ಯುತ್ತು ಬಿಡುವ ಸ್ವಿಚ್ಚು) ಒಮ್ಮೆ ಟಕ್ ಎಂದು ಸುಮ್ಮನಾಗುತ್ತಿತ್ತು, ದೀಪಗಳು ಉರಿಯುತ್ತಲೇ ಇರುತ್ತಿದ್ದವು. ಹಾಗಾಗಿ ನನ್ನ ಮೊದಲ ಅನುಮಾನ ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ, ನಂತರ ಬ್ಯಾಟರಿಯ ನೆಗೆಟಿವ್ ಕಡೆಯಿಂದ ಎಂಜಿನ್ನಿಗೆ ಹೋಗುವ ಅರ್ತಿಂಗ್ ವೈರಿನ ಮೇಲೆ.

ಬಂದು ಹೋಗುವ ದೋಷವನ್ನು ಅದು ಇಲ್ಲದ ಹೊತ್ತಿನಲ್ಲಿ ಅಳೆದು ಪ್ರಯೋಜನವಿಲ್ಲ. ಗ್ಯಾರೇಜಿನಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಅಳತೆಯೂ ಸರಿಯಾಗಿಯೇ ಬರುತ್ತದೆ, ಕೊನೆಗೆ ಊಹೆಯ ಮೇಲೆ ಒಂದೊಂದೇ ಭಾಗವನ್ನು ಬದಲಿಸುವುದಾಗುತ್ತದೆ. ಆದ್ದರಿಂದ ಒಂದು ಸಾಧಾರಣ ಮಲ್ಟಿಮೀಟರನ್ನು, ಸೀಟು ಬಿಚ್ಚುವ ಸ್ಪ್ಯಾನರಿನೊಂದಿಗೆ, ಕೆಲವು ದಿನ ಗಾಡಿಯಲ್ಲೇ ಇಟ್ಟುಕೊಳ್ಳಿ. ಮುಂದಿನ ಸಲ ಮಾರುಕಟ್ಟೆಯ ಮುಂದೆ ಗಾಡಿ ನಿಂತಾಗ ವೈರುಗಳನ್ನು ಅಲುಗಾಡಿಸುವ ಮೊದಲು ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ (ಕೆಂಪು ವೈರು ಆಂಪಿಯರಿನ ತೂತಿನಲ್ಲಿ ಇರಬಾರದು, ಇದ್ದರೆ ಶಾರ್ಟ್ ಆಗುತ್ತದೆ), ಅದರ ಎರಡು ಮೊನೆಗಳನ್ನು ಬ್ಯಾಟರಿಯ ಸೀಸದ ಟರ್ಮಿನಲ್ಲಿಗೇ ಒತ್ತಿಹಿಡಿಯಿರಿ. ಬೋಲ್ಟಿನ ತಲೆಗಾಗಲಿ, ವೈರಿನ ತುದಿಯ ಉಂಗುರಕ್ಕಾಗಲಿ ಹಿಡಿಯಬೇಡಿ. ಇಡೀ ಪರೀಕ್ಷೆಯ ಬೆಲೆ ಇರುವುದು ಇಷ್ಟರಲ್ಲೇ. ಆಮೇಲೆ ಇನ್ನೊಬ್ಬರಿಂದ ಬಟನ್ ಒತ್ತಿಸಿ.

ಗಾಡಿಯ ಮೀಟರಿನ ದೀಪ ಆರುತ್ತಿರುವಾಗಲೂ ಸೀಸದ ಟರ್ಮಿನಲ್ಲಿನಲ್ಲಿ 12 ವೋಲ್ಟಿಗಿಂತ ಹೆಚ್ಚೇ ತೋರಿಸಿದರೆ ಬ್ಯಾಟರಿಯಲ್ಲಿ ಶಕ್ತಿಯಿದೆ, ಅದು ಹೊರಗೆ ದಾಟುತ್ತಿಲ್ಲ ಎಂದರ್ಥ, ಸಂಪರ್ಕ ಸಡಿಲವಾಗಿದೆ. ಅದೇ ಜಾಗದಲ್ಲಿ 9 ವೋಲ್ಟಿಗಿಂತ ಕೆಳಗೆ ಕುಸಿದರೆ, ಹೊಸದಾದರೂ ಬ್ಯಾಟರಿಯೊಳಗೆ ದೋಷವಿರಬಹುದು ಅಥವಾ ಮೋಟಾರು ಅತಿಯಾಗಿ ಎಳೆಯುತ್ತಿರಬಹುದು. ಬ್ಯಾಟರಿಯ ಒಳಗಿನ ಸೆಲ್ಲುಗಳ ಜೋಡಣೆ ಬಿರುಕುಬಿಟ್ಟಿದ್ದರೆ ಬಿಸಿಗೂ ಕುಲುಕಾಟಕ್ಕೂ ಬಿಟ್ಟು ಬಿಟ್ಟು ಕೂಡುವುದುಂಟು. ಈ ಎರಡರಲ್ಲಿ ಯಾವುದೆಂದು ತಿಳಿಯಲು ಎಂಜಿನ್ ಆಫ್ ಮಾಡಿದ ಇನ್ನೊಂದು ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಜಂಪರ್ ವೈರು ಕೊಟ್ಟು ನೋಡಿ: ಗಾಡಿ ಹತ್ತಿದರೆ ತಪ್ಪು ನಿಮ್ಮ ಬ್ಯಾಟರಿಯದು, ಆಗಲೂ ಹತ್ತದೆ ವೈರುಗಳು ಬಿಸಿಯಾದರೆ ಮೆಕ್ಯಾನಿಕ್ ಹೇಳಿದ್ದೇ ಸರಿ, ಮೋಟಾರನ್ನು ಬಿಚ್ಚಿಸಿ.

ಹೊಸ ಬ್ಯಾಟರಿ ಹಾಕಿದ ಮೇಲೆ ಇಂಥ ತೊಂದರೆ ಬಂದ ಗಾಡಿಗಳಲ್ಲಿ ನಾನು ಹಲವು ಸಲ ಕಂಡಿರುವುದು ಒಂದೇ ಕಾರಣ. ಟರ್ಮಿನಲ್ಲಿನ ಹಿಂದೆ ಕೂರುವ ಚಿಕ್ಕ ಚೌಕದ ನಟ್ಟಿನ ಮರೆ (ಥ್ರೆಡ್) ತಪ್ಪಿ, ಬೋಲ್ಟು ಬಿಗಿಯಾದಂತೆ ಕಂಡರೂ ವೈರಿನ ಉಂಗುರವನ್ನು ಒತ್ತಿರುವುದಿಲ್ಲ. ಜೊತೆಗೆ ದೊಡ್ಡ ಹಾರನ್ನಿಗೆ, ಫಾಗ್ ಲೈಟಿಗೆ ಎಳೆದ ವೈರುಗಳನ್ನೂ ಅದೇ ಬೋಲ್ಟಿಗೆ ಸಿಕ್ಕಿಸಿ ಮುಖ್ಯ ವೈರನ್ನು ಹಿಂದಕ್ಕೆ ತಳ್ಳಿರುತ್ತಾರೆ. ಸೆಲ್ಫ್ ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ. ದೀಪ ಉರಿಸಲು ಸಾಲುವ ಅರೆಬರೆ ಸಂಪರ್ಕ ಅದಕ್ಕೆ ಸಾಲದು. ಇಗ್ನಿಷನ್ ಆಫ್ ಮಾಡಿ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಉಂಗುರ, ಟರ್ಮಿನಲ್ ಎರಡನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಮುಖ್ಯ ವೈರು ಸೀಸಕ್ಕೆ ನೇರವಾಗಿ ತಾಗುವಂತೆ ಕೂರಿಸಿ, ಪಾಸಿಟಿವ್ ಮೊದಲು ಬಿಗಿದು, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಅರ್ತಿಂಗಿನ ಪರೀಕ್ಷೆ ಇದಕ್ಕಿಂತ ಸುಲಭ. ಮೀಟರಿನ ಒಂದು ಮೊನೆಯನ್ನು ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಹಿಡಿದು ಬಟನ್ ಒತ್ತಿಸಿ. 0.2 ಅಥವಾ 0.3 ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ; ಅರ್ಧ ವೋಲ್ಟು ದಾಟಿದರೆ ಆ ವೈರಿನ ತುದಿಗಳಲ್ಲಿ ತುಕ್ಕೋ ಮಣ್ಣೋ ಸೇರಿದೆ.

ಚಾರ್ಜಿಂಗನ್ನೂ ಒಮ್ಮೆ ನೋಡಿಬಿಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟಿನ ಆಸುಪಾಸು, ಎಂಜಿನ್ನನ್ನು ಸ್ವಲ್ಪ ರೇಸ್ ಮಾಡಿದಾಗ 13.5ರಿಂದ 14.5ರವರೆಗೆ ಇರಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಬಿಚ್ಚಿ ಪರೀಕ್ಷಿಸುವ ಹಳೆಯ ರೂಢಿಯನ್ನು ದಯವಿಟ್ಟು ಯಾರೂ ಅನುಸರಿಸಬಾರದು. ವೋಲ್ಟೇಜು ಒಮ್ಮೆಗೇ ಏರಿ ಇಂಜೆಕ್ಷನ್ ಗಾಡಿಗಳ ಕಂಟ್ರೋಲ್ ಯೂನಿಟ್ ಸುಟ್ಟುಹೋಗಬಹುದು.

ಪ್ರಶ್ನೆ: ನನ್ನ ಬೈಕಿಗೆ ಜಿಪಿಎಸ್ ಹಾಕಿಸಿದ ಮೇಲೆ ಹದಿನೈದು ದಿನ ನಿಲ್ಲಿಸಿದರೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ದಿನವೂ ಓಡಿಸಿದರೆ ತೊಂದರೆಯಿಲ್ಲ. ಏನು ಮಾಡಲಿ?
— ಓದುಗರು, ಕೋಲಾರ

ಉತ್ತರ: ಕೀ ತೆಗೆದ ಮೇಲೂ ಆ ಸಾಧನ ವಿದ್ಯುತ್ತನ್ನು ಹೀರುತ್ತಿದೆ. ಬರೇ 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ಹದಿನೈದು ದಿನಕ್ಕೆ, ಅಂದರೆ 360 ಗಂಟೆಗೆ, 7.2 ಆಂಪಿಯರ್-ಅವರ್ ಖರ್ಚಾಗುತ್ತದೆ. 9 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಸ್ಟಾರ್ಟ್ ಮಾಡುವಷ್ಟು ಉಳಿಯುವುದಿಲ್ಲ. ನೆಗೆಟಿವ್ ವೈರನ್ನು ಬಿಚ್ಚಿ, ಟರ್ಮಿನಲ್ಲಿಗೂ ವೈರಿಗೂ ನಡುವೆ ಮೀಟರನ್ನು 10 ಆಂಪಿಯರಿನ ತೂತಿನಲ್ಲಿ ಸೇರಿಸಿ ಅಳೆಯಿರಿ. ಆ ಸ್ಥಿತಿಯಲ್ಲಿ ಸೆಲ್ಫ್ ಒತ್ತಬಾರದು, ಮೀಟರು ಹಾಳಾಗುತ್ತದೆ. ಜಿಪಿಎಸ್ಸಿನ ಫ್ಯೂಸ್ ತೆಗೆದೊಡನೆ ಅಂಕಿ ಇಳಿದರೆ ಕಾರಣ ಖಚಿತವಾಯಿತು. ಗಾಡಿಯನ್ನು ಬಹಳ ದಿನ ನಿಲ್ಲಿಸುವಾಗ ನೆಗೆಟಿವ್ ವೈರನ್ನು ಬಿಚ್ಚಿಡಿ. ಈಗಾಗಲೇ ಇಳಿದಿರುವ ಬ್ಯಾಟರಿಯನ್ನು ತಡಮಾಡದೆ, ಒಂದು ಆಂಪಿಯರಿಗೆ ಮೀರದ ಚಾರ್ಜರಿನಲ್ಲಿ ನಿಧಾನವಾಗಿ ತುಂಬಿಸಿ. ಖಾಲಿಯಾಗಿಯೇ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಂತೆ ಹಿಡಿಯುವುದಿಲ್ಲ.