ಈಜುವ ಹುಡುಗಿಗೆ ಯಾವ ಕಾಲೇಜು?

ಪ್ರಶ್ನೆ: ಮಗಳು ಡೆಕ್ಕನ್‌ನ ಟಿಳಕ್ ತಲಾವ್‌ನಲ್ಲಿ ಆರು ವರ್ಷದಿಂದ ಈಜುತ್ತಿದ್ದಾಳೆ. ಈ ಸಲ ಹನ್ನೆರಡನೇ ಕ್ಲಾಸು. ಬೆಂಗಳೂರಿನ ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ ‘ಅಕ್ಕಾ, ಜೈನ್ ಯೂನಿವರ್ಸಿಟಿಗೆ ಹಾಕು, ಅವರೇ ನಂಬರ್ ಒನ್’ ಅನ್ನುತ್ತಾನೆ. ಪುಣೆಯಲ್ಲೇ ಇದ್ದರೆ ಇವಳು ಹಿಂದೆ ಬೀಳುತ್ತಾಳಾ?
– ಒಬ್ಬ ತಾಯಿ, ಕೋಥ್ರೂಡ್

ಉತ್ತರ: ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ. 2022ರಲ್ಲಿ ಬೆಂಗಳೂರಿನಲ್ಲೇ ನಡೆದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನಲ್ಲಿ ಜೈನ್ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ 7 ಚಿನ್ನ ಶಿವ ಶ್ರೀಧರ್ ಎಂಬ ಒಬ್ಬನೇ ಈಜುಗಾರನದು. ಕಬಡ್ಡಿಯಲ್ಲಿ ಇಡೀ ತಂಡ ಬೆವರು ಸುರಿಸಿದರೂ ಪಟ್ಟಿಗೆ ಸೇರುವುದು ಒಂದೇ ಚಿನ್ನ, ಈಜಿನಲ್ಲಿ ಒಬ್ಬರೇ ಇಳಿದು ಚೀಲ ತುಂಬಿಕೊಂಡು ಬರಬಹುದು. ಈಜುಗಾರರನ್ನು ಕಂಡರೆ ಯೂನಿವರ್ಸಿಟಿಗಳಿಗೆ ಆಸೆ ಜಾಸ್ತಿ, ಸುಮ್ನೆ ಅಲ್ಲ.

ಪುಣೆಯೇನು ಕಡಿಮೆಯಿಲ್ಲ. 2020ರಲ್ಲಿ ಭುವನೇಶ್ವರದಲ್ಲಿ ನಡೆದ ಮೊದಲ ಗೇಮ್ಸ್‌ನಲ್ಲಿ ನಮ್ಮ ಸಾವಿತ್ರಿಬಾಯಿ ಫುಲೆ ಯೂನಿವರ್ಸಿಟಿಗೂ 17 ಚಿನ್ನ, ಚಂಡೀಗಢದ ಪಂಜಾಬ್ ಯೂನಿವರ್ಸಿಟಿಗೂ 17. ಬೆಳ್ಳಿ ಎಣಿಸಿದರೆ ಅವರದು 19, ನಮ್ಮದು 11. ಟ್ರೋಫಿ ಅವರ ಪಾಲಾಯಿತು. ನನಗೆ ಇವತ್ತಿಗೂ ಹೊಟ್ಟೆಯುರಿ, ಇರಲಿ.

ಪದಕ ಬಂದರೆ ಲೆಕ್ಕ ಯೂನಿವರ್ಸಿಟಿಯದು. ಈಜು ಕಲಿಸುವವರು ಮಾತ್ರ ನೀವು ಈಗ ಫೀಸು ಕಟ್ಟುತ್ತಿರುವ ಕೋಚ್‌ ಅವರೇ. ಹಾಗಾಗಿ ಕಾಲೇಜಿನಿಂದ ಬೇಕಾದದ್ದು ಹಾಜರಿಯ ವಿಷಯದಲ್ಲಿ ಸ್ವಲ್ಪ ದಯೆ, ಅಷ್ಟು ಸಿಕ್ಕರೇ ದೊಡ್ಡದು. ನಮ್ಮಣ್ಣನ ಮಗ ಓಟಗಾರ. ಪಂದ್ಯ ಮುಗಿಸಿ ಊರಿಗೆ ಬಂದರೆ ಇಂಟರ್ನಲ್ ಪರೀಕ್ಷೆಯಲ್ಲಿ ಗೈರುಹಾಜರಿ ಅಂತ ಸೊನ್ನೆ ಹಾಕಿದ್ದರು. ಸರ್ಟಿಫಿಕೇಟ್ ಹಿಡಿದು ಆಫೀಸಿನ ಕಿಟಕಿ ಮುಂದೆ ಮೂರು ದಿನ ನಿಂತ, ನಾಲ್ಕನೇ ದಿನ ಕ್ಲರ್ಕ್ ರಜೆ! ಅದಕ್ಕೇ ಹೇಳುತ್ತೇನೆ, ಅಡ್ಮಿಷನ್‌ಗೆ ಮುಂಚೆ ಕಾಲೇಜಿನ ಜಿಮಖಾನಾಕ್ಕೆ, ಅಂದರೆ ಕ್ರೀಡಾ ವಿಭಾಗಕ್ಕೆ ಹೋಗಿ, ಗೋಡೆ ಮೇಲಿನ ಟ್ರೋಫಿಗಳನ್ನು ನೋಡುತ್ತ ನಿಲ್ಲಬೇಡಿ, ಕಳೆದ ವರ್ಷ ಆಡಲು ಹೋದ ಮಕ್ಕಳಿಗೆ ಪರೀಕ್ಷೆ ಮತ್ತೆ ಕೊಟ್ಟರಾ ಅಂತ ಕೇಳಿ. ಅಲ್ಲಿನ ಸರ್ ತಡವರಿಸಿದರೆ ಮುಂದಿನ ಕಾಲೇಜು ನೋಡಿ.

ಇನ್ನು ದೂರ. ಬೆಳಗ್ಗೆ ಐದೂವರೆಗೆ ನೀರಿಗಿಳಿದವಳು ಒದ್ದೆ ಕೂದಲಲ್ಲೇ ಕ್ಲಾಸಿಗೆ ಓಡಬೇಕಲ್ವಾ? ಫರ್ಗ್ಯುಸನ್ ರಸ್ತೆಯ ಕಡೆ ಸೀಟು ಸಿಕ್ಕರೆ ಕೊಳದಿಂದ ನಡೆದೇ ಹೋಗಬಹುದು. ತಮ್ಮನಿಗೆ ಬೇಜಾರಾದರೆ ಆಗಲಿ ಬಿಡಿ.

ಪ್ರಶ್ನೆ: ಮುಂಬೈ ಯೂನಿವರ್ಸಿಟಿ ಅಂದರೆ ಬರೀ ಕ್ರಿಕೆಟ್ ಅಲ್ವಾ?
– ಓದುಗ, ಡೊಂಬಿವಲಿ

ಉತ್ತರ: ಬರೀ ಅದೇ ಅಲ್ಲ, ಆದರೆ ಜಾಸ್ತಿ ಹೆಸರು ಬಂದದ್ದು ಅದರಿಂದಲೇ. ಯೂನಿವರ್ಸಿಟಿಗಳ ಕ್ರಿಕೆಟ್ ಪಂದ್ಯಾವಳಿ ರೋಹಿಂಟನ್ ಬಾರಿಯಾ ಟ್ರೋಫಿ 1935ರಲ್ಲಿ ಶುರುವಾಯಿತು. ಸೇಂಟ್ ಝೇವಿಯರ್ಸ್‌ನ ಸುನಿಲ್ ಗಾವಸ್ಕರ್ ಅದರಲ್ಲಿ ಆಡಿಯೇ ಮೇಲೆ ಬಂದವರು. ವೆಂಗಸರ್ಕರ್, ರವಿ ಶಾಸ್ತ್ರಿ ಇಬ್ಬರೂ ಪೋದಾರ್ ಕಾಲೇಜಿನವರು, ಅಂದರೆ ಮುಂಬೈ ಕನ್ನಡಿಗರ ಸಂಘವಾದ ನಮ್ಮ ಮೈಸೂರು ಅಸೋಸಿಯೇಶನ್ ಇರುವ ಅದೇ ಮಾಟುಂಗ. ಮುಂದಿನ ಸಲ ನಾಟಕ ನೋಡಲು ಹೋದಾಗ ಆ ಕಡೆಗೂ ಒಂದು ಸುತ್ತು ಹಾಕಿ ಬನ್ನಿ.